ಆದಮರ ಹೆಜ್ಜೆಯಿಂದ ಬಾರಕೂರಿನ ಮಸೀದಿಯವರೆಗೆ

ಆದಮ್(ಅ) ಸ್ವರ್ಗದಿಂದ ಭೂಮಿಯ ಯಾವ ಜಾಗಕ್ಕೆ ಇಳಿದರು? ನಮ್ಮ ಮನೆಗಳಲ್ಲಿ ಮಕ್ಕಳು ಈ ಪ್ರಶ್ನೆ ಕೇಳಿದರೆ ಅಜ್ಜಿಯಂದಿರ ಬಳಿ ಉತ್ತರ ಸಿದ್ಧವಾಗಿರುತ್ತದೆ. ಆದಮ್ ಸರಂದೀಬಿಗೆ, ಅಂದರೆ ಇಂದಿನ ಶ್ರೀಲಂಕೆಗೆ; ಹವ್ವಾ ಜಿದ್ದಾಕ್ಕೆ. ಅಲ್ಲಿನ ಪರ್ವತದ ತುದಿಯಲ್ಲಿ ಅವರ ಪಾದದ ಗುರುತು ಈಗಲೂ ಇದೆ. ಇನ್ನೊಂದು ಪ್ರಶ್ನೆ: ನಮ್ಮ ಕರಾವಳಿಗೆ ಇಸ್ಲಾಮ್ ಬಂದದ್ದು ಯಾವಾಗ, ತಂದವರು ಯಾರು? ಅದಕ್ಕೂ ಉತ್ತರವಿದೆ. ಮಾಲಿಕ್ ಬಿನ್ ದೀನಾರ್ ಮತ್ತು ಸಂಗಡಿಗರು, ಹಿಜರಿ 22ರಲ್ಲಿ.

ಎರಡನ್ನೂ ನಾವು ಬಾಲ್ಯದಲ್ಲಿ ಕೇಳಿದ್ದು ಒಂದೇ ಧ್ವನಿಯಲ್ಲಿ, ಮದ್ರಸದ ಪಾಠ ಕೇಳಿದ ಅದೇ ಕಿವಿಯಿಂದ. ನಮಾಝಿನ ಫರ್ಝ್ ಎಷ್ಟು ಎಂಬುದೂ ಸರಂದೀಬಿನ ಪಾದದ ಗುರುತೂ ನಮ್ಮ ಮನಸ್ಸಿನ ಒಂದೇ ಕಪಾಟಿನಲ್ಲಿ ಕೂತವು. ತೊಂದರೆ ಶುರುವಾಗುವುದು ಅನಂತರ. ಮಗ ಅಥವಾ ಮಗಳು ಕಾಲೇಜಿಗೆ ಹೋಗುತ್ತಾರೆ, ಇತಿಹಾಸ ಓದುತ್ತಾರೆ, ಒಂದು ದಿನ 'ಇದಕ್ಕೆ ಆಧಾರ ಏನು?' ಎನ್ನುತ್ತಾರೆ. ನಮ್ಮಲ್ಲಿ ಕೆಲವರು ಆ ಪ್ರಶ್ನೆಯನ್ನೇ ಅಧರ್ಮವೆಂದು ಗದರಿಸುತ್ತೇವೆ. ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಅಜ್ಜಿ ಹೇಳಿದ ಕಥೆಗೆ ಆಧಾರ ಸಿಗದಿದ್ದರೆ, ಅದೇ ಬಾಯಿಂದ ಕೇಳಿದ ಉಳಿದೆಲ್ಲದರ ಮೇಲೂ ಆ ಮಗುವಿಗೆ ಸಂಶಯ ಹುಟ್ಟುತ್ತದೆ. ಆದ್ದರಿಂದ ಈ ತಿಂಗಳು ನಾವು ಈ ಎರಡು ಕಥೆಗಳ ಜಾಡು ಹಿಡಿದು ಹಿಂದಕ್ಕೆ ಹೋಗಿ ನೋಡೋಣ. ಇವೆರಡೂ ಒಂದು ಕಡೆ ಪರಸ್ಪರ ಭೇಟಿಯಾಗುತ್ತವೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಮೊದಲು ಕುರ್‌ಆನ್ ಏನು ಹೇಳುತ್ತದೆ ಎಂಬುದು. ಆದಮರ ವೃತ್ತಾಂತ ಅಲ್ ಬಕರಃ, ಅಲ್ ಅಅ್‌ರಾಫ್, ತಾಹಾ ಮುಂತಾದ ಹಲವು ಅಧ್ಯಾಯಗಳಲ್ಲಿ ಬರುತ್ತದೆ. ಮಣ್ಣಿನಿಂದ ಸೃಷ್ಟಿ, ವಸ್ತುಗಳ ಹೆಸರುಗಳ ಜ್ಞಾನ, ಮಲಕ್‌ಗಳ ಸುಜೂದ್, ಇಬ್ಲೀಸನ ಅಹಂಕಾರ, ನಿಷೇಧಿತ ಮರ, ಪಶ್ಚಾತ್ತಾಪ, ಭೂಮಿಗೆ ಇಳಿಯುವ ಆಜ್ಞೆ ಎಲ್ಲವೂ ಇದೆ. ಇಳಿದ ಊರಿನ ಹೆಸರು ಮಾತ್ರ ಇಲ್ಲ. ಮರ ಯಾವುದು ಎಂದಿಲ್ಲ. ವರ್ಷದ ಲೆಕ್ಕವಿಲ್ಲ. ಅಲ್ ಕಹ್ಫ್ ಅಧ್ಯಾಯದ 51ನೇ ಸೂಕ್ತದಲ್ಲಿ, ಆಕಾಶ ಭೂಮಿಗಳ ಸೃಷ್ಟಿಗೆ ಇಬ್ಲೀಸನನ್ನೂ ಅವನ ಸಂತತಿಯನ್ನೂ ಸಾಕ್ಷಿಯಾಗಿ ನಿಲ್ಲಿಸಿರಲಿಲ್ಲ ಎಂದು ಅಲ್ಲಾಹನು ಹೇಳುತ್ತಾನೆ. ಆರಂಭವನ್ನು ನೋಡಿದ ಮನುಷ್ಯನೂ ಯಾರೂ ಇಲ್ಲ. ಅದರ ಬಗ್ಗೆ ನಮಗಿರುವ ಖಚಿತ ಜ್ಞಾನ ದಿವ್ಯವಾಣಿ ತಿಳಿಸಿದಷ್ಟೇ. ಅದೇ ಅಧ್ಯಾಯದ 22ನೇ ಸೂಕ್ತವನ್ನು ಇತಿಹಾಸ ಓದುವವರೆಲ್ಲ ಮತ್ತೆ ಮತ್ತೆ ಓದಬೇಕು. ಗುಹೆಯಲ್ಲಿ ಮಲಗಿದ್ದವರು ಮೂವರೇ, ಐವರೇ, ಏಳು ಮಂದಿಯೇ ಎಂದು ಜನ ಕತ್ತಲಲ್ಲಿ ಕಲ್ಲೆಸೆದಂತೆ ಊಹಿಸುತ್ತಿದ್ದರು. ಅವರ ಸಂಖ್ಯೆ ಅಲ್ಲಾಹನಿಗೆ ಚೆನ್ನಾಗಿ ಗೊತ್ತಿದೆ, ಆ ವಿಷಯದಲ್ಲಿ ಆಳವಾದ ವಾದಕ್ಕೆ ಇಳಿಯಬೇಡ ಎಂದು ಪ್ರವಾದಿ(ಸ)ಯವರಿಗೆ ಆದೇಶ ಬಂತು. ಕಥೆಯ ಪಾಠ ಉಳಿಯಿತು, ಲೆಕ್ಕ ಬಿಟ್ಟುಹೋಯಿತು.

ಹಾಗಾದರೆ ಸರಂದೀಬ್ ಎಲ್ಲಿಂದ ಬಂತು? ಹಳೆಯ ತಾರೀಖ್ ಗ್ರಂಥಗಳಿಂದ. ಇಮಾಮ್ ತಬರೀ(ರ) ಹಿಜರಿ 310ರಲ್ಲಿ, ಅಂದರೆ ಕ್ರಿ.ಶ. 923ರಲ್ಲಿ ಬಗ್ದಾದಿನಲ್ಲಿ ನಿಧನರಾದರು. ಪ್ರವಾದಿಗಳ ಮತ್ತು ಅರಸರ ಇತಿಹಾಸವೆಂಬ ಅವರ ಬೃಹತ್ ಗ್ರಂಥ ಸೃಷ್ಟಿಯಿಂದಲೇ ಆರಂಭವಾಗುತ್ತದೆ. ಆದಮರು ಹಿಂದ್ ದೇಶಕ್ಕೆ ಇಳಿದರು ಎಂಬ ವರದಿಗಳನ್ನು ಅವರು ಒಂದರ ಹಿಂದೆ ಒಂದರಂತೆ, ಹೇಳಿದವರ ಹೆಸರಿನ ಸರಪಳಿ ಸಮೇತ ಕೊಡುತ್ತಾರೆ. ಆದರೆ ಗ್ರಂಥದ ಮುನ್ನುಡಿಯಲ್ಲೇ ಒಂದು ಎಚ್ಚರಿಕೆ ಬರೆದಿಟ್ಟಿದ್ದಾರೆ: ಇದರಲ್ಲಿ ಓದುಗನಿಗೆ ಒಪ್ಪಲಾಗದ್ದು ಏನಾದರೂ ಕಂಡರೆ ಅದು ನಮ್ಮ ಸೃಷ್ಟಿಯಲ್ಲ, ನಮಗೆ ತಲುಪಿಸಿದವರಿಂದ ಬಂದದ್ದು, ನಮಗೆ ತಲುಪಿದಂತೆಯೇ ನಾವು ದಾಟಿಸಿದ್ದೇವೆ ಎಂಬ ಅರ್ಥದ ಮಾತು. ಸಾವಿರ ವರ್ಷಗಳಿಂದ ನಾವು ತಬರೀಯವರ ಕಥೆಗಳನ್ನು ಉದ್ಧರಿಸುತ್ತ ಬಂದಿದ್ದೇವೆ, ಈ ಮುನ್ನುಡಿಯನ್ನು ಬಿಟ್ಟು.

ತಬರೀಯವರು ಸ್ವತಃ ಹಿಂದ್‌ಗೆ ಇಳಿದ ಸುದ್ದಿಯನ್ನು ಒಪ್ಪಿದ್ದರು ಎಂಬುದನ್ನೂ ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಇಂತಹ ವಿಷಯ ತಿಳಿಯುವುದು ಪುರಾವೆಯಾಗಬಲ್ಲ ವರದಿಯಿಂದ ಮಾತ್ರ, ಹಿಂದ್‌ಗೆ ಇಳಿದ ಸುದ್ದಿಯನ್ನು ಇಸ್ಲಾಮಿನ ವಿದ್ವಾಂಸರಾಗಲಿ ಹಿಂದಿನ ಗ್ರಂಥದವರಾಗಲಿ ಅಲ್ಲಗಳೆದಿಲ್ಲ ಎಂಬುದು ಅವರ ನಿಲುವು. ನಾನೂರೈವತ್ತು ವರ್ಷಗಳ ನಂತರ ದಮಾಸ್ಕಸಿನ ಇಬ್ನ್ ಕಸೀರ್(ರ), ನಿಧನ 1373, ಬೇರೆ ಮಾತು ಹೇಳಿದರು. ಅಲ್ ಅಅ್‌ರಾಫ್ ಅಧ್ಯಾಯದ ವ್ಯಾಖ್ಯಾನದಲ್ಲಿ ಅವರು, ಯಾರು ಎಲ್ಲಿಗೆ ಇಳಿದರು ಎಂಬ ಈ ವರದಿಗಳೆಲ್ಲ ಇಸ್ರಾಈಲಿಯ್ಯಾತ್‌ಗೆ ಹೋಗಿ ಮುಟ್ಟುತ್ತವೆ, ಆ ಜಾಗಗಳನ್ನು ಗುರುತಿಸುವುದರಿಂದ ನಮ್ಮ ಧರ್ಮಕ್ಕೋ ಬದುಕಿಗೋ ಪ್ರಯೋಜನವಿದ್ದಿದ್ದರೆ ಅಲ್ಲಾಹನು ತನ್ನ ಗ್ರಂಥದಲ್ಲಿ ಅಥವಾ ಅವನ ಸಂದೇಶವಾಹಕರು ತಮ್ಮ ಮಾತಿನಲ್ಲಿ ತಿಳಿಸುತ್ತಿದ್ದರು ಎಂದರು. ಇಸ್ರಾಈಲಿಯ್ಯಾತ್ ಎಂದರೆ ಹಿಂದಿನ ಗ್ರಂಥದವರ ಬಳಿಯಿಂದ ನಮ್ಮ ಪುಸ್ತಕಗಳಿಗೆ ಹರಿದುಬಂದ ಕಥೆಗಳು. ಅವುಗಳಲ್ಲಿ ನಮ್ಮ ಪ್ರಮಾಣಗಳಿಗೆ ಹೊಂದುವುದು ಸತ್ಯ, ವಿರುದ್ಧವಾದದ್ದು ತ್ಯಾಜ್ಯ, ಎರಡೂ ಅಲ್ಲದ್ದನ್ನು ಹೇಳಬಹುದು, ಆದರೆ ನಂಬಬೇಕಾಗಿಯೂ ಇಲ್ಲ, ಸುಳ್ಳೆನ್ನಬೇಕಾಗಿಯೂ ಇಲ್ಲ. ಸಹೀಹ್ ಬುಖಾರಿಯ ಹದೀಸ್‌ಗಳ ಬೆಳಕಿನಲ್ಲಿ ವಿದ್ವಾಂಸರು ಹಾಕಿಕೊಟ್ಟ ವಿಂಗಡಣೆ ಇದು. ಸರಂದೀಬಿನ ಕಥೆ ಈ ಮೂರನೆಯ ಗುಂಪಿನದು. ಇಬ್ಬರು ಇಮಾಮರು, ಎರಡು ಅಭಿಪ್ರಾಯ. ಯಾರೂ ಯಾರನ್ನೂ ಧರ್ಮದಿಂದ ಹೊರಗೆ ಹಾಕಲಿಲ್ಲ.

ಇನ್ನು ಆ ಪರ್ವತಕ್ಕೆ ಬರೋಣ. 2,243 ಮೀಟರ್ ಎತ್ತರದ ಅದನ್ನು ಇಂದು ಆದಮನ ಶಿಖರವೆಂದೂ ಶ್ರೀಪಾದವೆಂದೂ ಕರೆಯುತ್ತಾರೆ. ತುದಿಯ ಬಂಡೆಯಲ್ಲಿ ಸುಮಾರು ಆರು ಅಡಿ ಉದ್ದದ ಕುಳಿ ಇದೆ. ಬೌದ್ಧರಿಗೆ ಅದು ಬುದ್ಧನ ಪಾದ. ಅವರ ಮಹಾವಂಶದಲ್ಲೇ ಅದರ ಪ್ರಸ್ತಾಪವಿದೆ. ಹಿಂದೂಗಳಿಗೆ ಶಿವನ ಪಾದ. ಕ್ರೈಸ್ತರಲ್ಲಿ ಕೆಲವರಿಗೆ ಸಂತ ತೋಮರ ಪಾದ. ನಮಗೆ ಆದಮರದು. ಬಂಡೆ ಒಂದೇ.

ಆ ಗುರುತಿನ ಅಳತೆ ಪುಸ್ತಕದಿಂದ ಪುಸ್ತಕಕ್ಕೆ ಹೇಗೆ ಬದಲಾಯಿತು ಎಂಬುದು ಇತಿಹಾಸ ಕಲಿಯುವವರಿಗೆ ಒಳ್ಳೆಯ ಪಾಠ. ಕ್ರಿ.ಶ. 851ರಲ್ಲಿ ಅರಬ್ ನಾವಿಕರ ಮಾತುಗಳನ್ನು ಸಂಗ್ರಹಿಸಿದ ಒಂದು ಪುಸ್ತಕವಿದೆ, ಸುಲೈಮಾನ್ ಎಂಬ ವ್ಯಾಪಾರಿಯ ಹೆಸರಿನಲ್ಲಿ ಅದನ್ನು ಗುರುತಿಸುವುದುಂಟು. ಅದರ ಪ್ರಕಾರ ಪಾದದ ಗುರುತು ಸುಮಾರು ಎಪ್ಪತ್ತು ಮೊಳ. ಇನ್ನೊಂದು ಹೆಜ್ಜೆಯನ್ನು ಆದಮರು ಸಮುದ್ರದಲ್ಲಿ ಇಟ್ಟರು. ಎಪ್ಪತ್ತು ಮೊಳ ಎಂದರೆ ನೂರು ಅಡಿಗೂ ಹೆಚ್ಚು. 1344ರಲ್ಲಿ ಇಬ್ನ್ ಬತೂತಾ ಸ್ವತಃ ಬೆಟ್ಟ ಹತ್ತಿದರು. ಹತ್ತುವ ಎರಡು ದಾರಿಗಳಿಗೆ ಬಾಬಾ ದಾರಿ, ಮಾಮಾ ದಾರಿ ಎಂಬ ಹೆಸರಿತ್ತು, ಅಂದರೆ ಆದಮರದು ಮತ್ತು ಹವ್ವಾರದು. ಮೇಲೆ ತಲುಪಿ ನೋಡಿದ ಅವರು ಬರೆದ ಅಳತೆ ಹನ್ನೊಂದು ಗೇಣು. ಎಂಟು ಅಡಿಯಷ್ಟು. ಹೆಬ್ಬೆರಳಿನ ಭಾಗದ ಕಲ್ಲನ್ನು ಚೀನದವರು ಕಡಿದು ಒಯ್ದಿದ್ದಾರೆ ಎಂದೂ ಬರೆದಿದ್ದಾರೆ. ಸಮುದ್ರದ ಮೇಲೆ ಕೇಳಿದ ಮಾತಿನಲ್ಲಿ ಎಪ್ಪತ್ತು ಮೊಳ, ಕಣ್ಣಾರೆ ಕಂಡವರಲ್ಲಿ ಹನ್ನೊಂದು ಗೇಣು. ಆ ಪ್ರಯಾಣಿಕರು ಸುಳ್ಳುಗಾರರಲ್ಲ. ಬಾಯಿಂದ ಬಾಯಿಗೆ ಹೋಗುವಾಗ ಕಾಲು ಬೆಳೆಯುತ್ತದೆ, ಅಷ್ಟೇ.

ಆರಂಭದ ಕಥೆಗಳ ಈ ಸ್ವಭಾವವನ್ನು ಅತ್ಯಂತ ಶಾಂತವಾಗಿ ಗಮನಿಸಿದವರು ಅಲ್ ಬೀರೂನಿ. 973ರಲ್ಲಿ ಖ್ವಾರಿಝ್ಮಿನಲ್ಲಿ ಹುಟ್ಟಿದ ಇವರು ಪ್ರಾಚೀನ ಜನಾಂಗಗಳ ಕಾಲಗಣನೆಯ ಬಗ್ಗೆ ಒಂದು ಗ್ರಂಥ ಬರೆದರು. ಸೃಷ್ಟಿಯ ಆರಂಭಕ್ಕೆ ಸಂಬಂಧಿಸಿದ ಎಲ್ಲದರಲ್ಲೂ ಕಲಬೆರಕೆ ಮತ್ತು ಕಟ್ಟುಕಥೆ ಸೇರಿಕೊಂಡಿವೆ, ಕಾಲ ಅಷ್ಟು ದೂರದ್ದಾದ್ದರಿಂದ ನೆನಪಿನಲ್ಲಿ ಹಿಡಿದಿಡಲು ಯಾರಿಗೂ ಆಗಲಿಲ್ಲ ಎಂಬುದು ಅವರ ತೀರ್ಮಾನ. ಆದಮರಿಂದ ನೂಹ್(ಅ)ರ ಪ್ರವಾಹದವರೆಗೆ ಎಷ್ಟು ವರ್ಷ ಎಂದು ಅವರು ಹುಡುಕಿದರು. ಯಹೂದಿಗಳ ತೌರಾತಿನ ಲೆಕ್ಕದಲ್ಲಿ 1,656, ಕ್ರೈಸ್ತರಲ್ಲಿ 2,242, ಸಾಮಿರಿಗಳಲ್ಲಿ 1,307. ಒಂದೇ ಗ್ರಂಥದ ಮೂರು ಪ್ರತಿಗಳು, ಮೂರು ಮೊತ್ತ. ಬೀರೂನಿ ಮೂರನ್ನೂ ಬರೆದಿಟ್ಟರು, ಒಂದನ್ನು ಗೆಲ್ಲಿಸಲು ಹೋಗಲಿಲ್ಲ. ಮುಂದೆ ಸಂಸ್ಕೃತ ಕಲಿತು, 1030ರ ಹೊತ್ತಿಗೆ ಭಾರತದ ಬಗ್ಗೆ ಬರೆದ ಪುಸ್ತಕದಲ್ಲಿ, 432 ಕೋಟಿ ವರ್ಷಗಳ ಕಲ್ಪದ ಲೆಕ್ಕವನ್ನು ಇಲ್ಲಿನ ವಿದ್ವಾಂಸರು ಹೇಗೆ ಹೇಳುತ್ತಾರೋ ಹಾಗೆಯೇ ವಿವರಿಸಿದರು. ಖಂಡಿಸಲು ಬರೆಯುತ್ತಿಲ್ಲ, ಇದ್ದದ್ದನ್ನು ಇದ್ದಂತೆ ತಿಳಿಸಲು ಬರೆಯುತ್ತಿದ್ದೇನೆ ಎಂಬ ಧೋರಣೆ. ಇನ್ನೊಬ್ಬರ ನಂಬಿಕೆಯ ಬಗ್ಗೆ ಬರೆಯುವಾಗ ನಾವು ಇಂದಿಗೂ ಅಷ್ಟು ಸಂಯಮ ಕಲಿತಿಲ್ಲ.

ಇಬ್ನ್ ಖಲ್ದೂನ್ ಅಷ್ಟು ಮೃದುವಲ್ಲ. 1377ರಲ್ಲಿ ಬರೆದ ಮುಕದ್ದಿಮಾದಲ್ಲಿ ಅವರು ಕಥೆಗಾರರನ್ನು ನೇರವಾಗಿ ತರಾಟೆಗೆ ತೆಗೆದುಕೊಂಡರು. ಮೂಸಾ(ಅ)ರ ಜೊತೆ ಆರು ಲಕ್ಷ ಯೋಧರಿದ್ದರು ಎಂಬ ವರದಿಗೆ ಅವರ ಪ್ರಶ್ನೆ ಸರಳ: ಅಷ್ಟು ಸೈನ್ಯ ನಿಲ್ಲಲು ಜಾಗ ಎಲ್ಲಿ, ಒಂದು ತುದಿಯವರಿಗೆ ಇನ್ನೊಂದು ತುದಿಯ ಸುದ್ದಿ ತಿಳಿಯುವುದು ಹೇಗೆ? ಆದ್ ಮತ್ತು ಸಮೂದ್ ಜನಾಂಗದವರು ದೈತ್ಯಾಕಾರದವರಾಗಿದ್ದರು ಎಂಬುದಕ್ಕೂ ಅವರು ಸಮೂದರ ಕಲ್ಲಿನ ಮನೆಗಳನ್ನೇ ತೋರಿಸಿದರು. ಬಾಗಿಲುಗಳು ನಮ್ಮ ಬಾಗಿಲುಗಳಷ್ಟೇ ಇವೆ. ಆದಮರ ಎತ್ತರ ಅರವತ್ತು ಮೊಳ ಎಂಬುದು ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿರುವ ಸಹೀಹ್ ಹದೀಸ್ ಎಂಬುದನ್ನು ನಾವು ಮರೆಯುತ್ತಿಲ್ಲ. ಆ ಹದೀಸಿಗೆ ವ್ಯಾಖ್ಯಾನ ಬರೆಯುವಾಗ ಹಾಫಿಝ್ ಇಬ್ನ್ ಹಜರ್(ರ) ಕೂಡ ಇದೇ ಸಮೂದರ ಮನೆಗಳ ವಿಷಯ ಎತ್ತಿದರು. ಅವರು ಹದೀಸನ್ನು ತಳ್ಳಲಿಲ್ಲ, ಮನೆಗಳನ್ನೂ ಬಚ್ಚಿಡಲಿಲ್ಲ. ಈ ತೊಡಕನ್ನು ಬಿಡಿಸುವಂತಹದು ತನಗೆ ಇದುವರೆಗೆ ಹೊಳೆದಿಲ್ಲ ಎಂದು ಬರೆದು ಮುಂದೆ ಹೋದರು. ಹದೀಸ್ ವಿದ್ಯೆಯಲ್ಲಿ ಅವರಿಗಿಂತ ದೊಡ್ಡವರನ್ನು ಹುಡುಕುವುದು ಕಷ್ಟ. 'ನನಗೆ ಹೊಳೆದಿಲ್ಲ' ಎನ್ನಲು ಅವರಿಗೆ ಸಂಕೋಚವಾಗಲಿಲ್ಲ.

ಇದಕ್ಕೆ ಹೋಲಿಸಿ ನಮ್ಮ ಮೊಬೈಲುಗಳನ್ನು ನೋಡಬೇಕು. ಮರಳುಗಾಡಿನಲ್ಲಿ ಅಗೆಯುವಾಗ ಸಿಕ್ಕ ದೈತ್ಯ ಅಸ್ಥಿಪಂಜರ, ಆದ್ ಜನಾಂಗದ್ದು ಎಂಬ ಚಿತ್ರ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಷ್ಟು ಬಾರಿ ಬಂದಿಲ್ಲ! ಅದು 2002ರಲ್ಲಿ ಅಂತರ್ಜಾಲದ ಒಂದು ಚಿತ್ರ ಸ್ಪರ್ಧೆಗಾಗಿ ಕಂಪ್ಯೂಟರಿನಲ್ಲಿ ಜೋಡಿಸಿ ತಯಾರಿಸಿದ್ದು. ಅದನ್ನು ಹಂಚುವವರಿಗೆ ಕುರ್‌ಆನಿನ ಸತ್ಯಕ್ಕೆ ಸಾಕ್ಷಿ ಒದಗಿಸಿದ ಸಂತೋಷ. ಸುದ್ದಿ ಬಂದಾಗ ಪರೀಕ್ಷಿಸಿ ನೋಡಿರಿ ಎಂಬ ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತ ಮಾತ್ರ ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ.

ಈಗ ಎರಡನೆಯ ಕಥೆಗೆ, ನಮ್ಮ ಕರಾವಳಿಯ ಆರಂಭದ ಕಥೆಗೆ ಬರೋಣ. ಅದು ಸರಂದೀಬಿನ ಹೆಜ್ಜೆಯನ್ನು ಸಂಧಿಸುವುದು ಇಲ್ಲಿಯೇ. ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮ್(ರ) 16ನೇ ಶತಮಾನದ ಕೊನೆಯ ಭಾಗದಲ್ಲಿ ಅರಬಿಯಲ್ಲಿ ತುಹ್ಫತುಲ್ ಮುಜಾಹಿದೀನ್ ಎಂಬ ಗ್ರಂಥ ಬರೆದರು. ಪೋರ್ಚುಗೀಸರ ದಬ್ಬಾಳಿಕೆಯ ವಿವರಗಳಿರುವ ಈ ಗ್ರಂಥವನ್ನು ಅವರು ಅರ್ಪಿಸಿದ್ದು ಬಿಜಾಪುರದ ಸುಲ್ತಾನ ಅಲಿ ಆದಿಲ್ ಶಾಹನಿಗೆ. ಅದರಲ್ಲಿ ಮಲಬಾರಿಗೆ ಇಸ್ಲಾಮ್ ಬಂದ ಬಗೆಯನ್ನು ಹೀಗೆ ಹೇಳಿದ್ದಾರೆ. ಆದಮರ ಪಾದದ ಗುರುತನ್ನು ಸಂದರ್ಶಿಸಲು ಸರಂದೀಬಿಗೆ ಹೊರಟಿದ್ದ ಕೆಲವು ಫಕೀರರು ಒಬ್ಬ ಶೈಖರ ಜೊತೆ ಕೊಡುಂಗಲ್ಲೂರಿನಲ್ಲಿ ಇಳಿದರು. ಅರಸ ಅವರನ್ನು ಕರೆಸಿ ವಿಚಾರಿಸಿದ. ಅವರು ಪ್ರವಾದಿ(ಸ)ಯವರ ಬಗ್ಗೆ, ಚಂದ್ರ ಇಬ್ಭಾಗವಾದ ಪವಾಡದ ಬಗ್ಗೆ ತಿಳಿಸಿದರು. ಅರಸನ ಮನಸ್ಸು ತಿರುಗಿತು. ಹಿಂದಿರುಗುವಾಗ ತನ್ನನ್ನೂ ಕರೆದೊಯ್ಯಿರಿ ಎಂದ. ರಾಜ್ಯವನ್ನು ಹಂಚಿಕೊಟ್ಟು ಗುಟ್ಟಾಗಿ ಹಡಗು ಹತ್ತಿದ ಅವನು ಅರಬ್ ತೀರದಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಸಾಯುವ ಮುನ್ನ ಬರೆದುಕೊಟ್ಟ ಪತ್ರ ಹಿಡಿದು ಮಾಲಿಕ್ ಬಿನ್ ದೀನಾರ್, ಮಾಲಿಕ್ ಬಿನ್ ಹಬೀಬ್ ಮತ್ತು ಸಂಗಡಿಗರು ಮಲಬಾರಿಗೆ ಬಂದು ಮಸೀದಿಗಳನ್ನು ಕಟ್ಟಿದರು. ಆ ಪಟ್ಟಿಯಲ್ಲಿ ಕೊಡುಂಗಲ್ಲೂರು, ಕೊಲ್ಲಂ, ಕಾಸರಗೋಡುಗಳ ಜೊತೆ ಮಂಗಳೂರು ಇದೆ, ಬಾರಕೂರು ಇದೆ.

ಜನರ ಬಾಯಲ್ಲಿ ಆ ಅರಸನೇ ಚೇರಮಾನ್ ಪೆರುಮಾಳ್. ಅವನು ಚಂದ್ರ ಇಬ್ಭಾಗವಾದುದನ್ನು ತನ್ನ ಅರಮನೆಯಿಂದಲೇ ಕಂಡು, ಪ್ರವಾದಿ(ಸ)ಯವರನ್ನು ಭೇಟಿಯಾಗಿ ಇಸ್ಲಾಮ್ ಸ್ವೀಕರಿಸಿದ ಎಂದು ನಾವು ಕೇಳಿದ್ದೇವೆ. ಆದರೆ ಝೈನುದ್ದೀನರು ಕಥೆ ಹೇಳಿ ಮುಗಿಸಿದ ಮೇಲೆ ಸುಮ್ಮನಾಗುವುದಿಲ್ಲ. ಇದು ನಡೆದ ವರ್ಷದ ಬಗ್ಗೆ ಖಚಿತ ಮಾಹಿತಿ ಇಲ್ಲ, ಬಹುಶಃ ಹಿಜರಿಯ ಇನ್ನೂರು ವರ್ಷಗಳ ನಂತರ ಇರಬೇಕು, ಅರಸ ಪ್ರವಾದಿ(ಸ)ಯವರ ಕಾಲದಲ್ಲೇ ಹೋಗಿ ಅವರನ್ನು ಕಂಡ ಎಂದು ಮಲಬಾರಿನ ಮುಸ್ಲಿಮರಲ್ಲಿ ಇರುವ ಮಾತಿನಲ್ಲಿ ಹುರುಳಿಲ್ಲ ಎನ್ನುತ್ತಾರೆ. ಚಂದ್ರ ಇಬ್ಭಾಗವಾದ ಪವಾಡವನ್ನು ಅವರು ಪ್ರಶ್ನಿಸುತ್ತಿಲ್ಲ, ನಾವೂ ಪ್ರಶ್ನಿಸುತ್ತಿಲ್ಲ. ಅದಕ್ಕೆ ಕುರ್‌ಆನ್ ಮತ್ತು ಸಹೀಹ್ ಹದೀಸ್‌ಗಳ ಆಧಾರವಿದೆ. ಪ್ರಶ್ನೆ ಇರುವುದು ಆ ಅರಸನ ಪ್ರಯಾಣದ ಕಾಲದ ಬಗ್ಗೆ. ನಾನೂರು ವರ್ಷಗಳ ಹಿಂದೆ, ಪೊನ್ನಾನಿಯ ಆಲಿಮ್ ಒಬ್ಬರು, ತಮ್ಮದೇ ಸಮುದಾಯಕ್ಕೆ ಅತ್ಯಂತ ಪ್ರಿಯವಾದ ಮಾತಿಗೆ ಆಧಾರವಿಲ್ಲ ಎಂದು ಬರೆದಿಟ್ಟರು. ಅದೂ ಶತ್ರುವಿನ ಫಿರಂಗಿಗಳ ಎದುರು ಸಮುದಾಯಕ್ಕೆ ಧೈರ್ಯ ತುಂಬಲು ಬರೆದ ಪುಸ್ತಕದಲ್ಲೇ. ಹೊಗಳಿಕೆಯ ಕಥೆ ಅವರಿಗೆ ಆಗ ಎಷ್ಟು ಉಪಯೋಗಕ್ಕೆ ಬರುತ್ತಿತ್ತು ಎಂದು ಯೋಚಿಸಿದರೆ ಅವರ ಪ್ರಾಮಾಣಿಕತೆಯ ತೂಕ ತಿಳಿಯುತ್ತದೆ.

ಕೊನೆಯ ಪೆರುಮಾಳನ ಮೇಲೆ ಹಕ್ಕು ಹೇಳುವವರು ನಾವು ಮಾತ್ರವಲ್ಲ. ಶೈವರ ಪರಂಪರೆಯಲ್ಲಿ ಚೇರಮಾನ್ ಪೆರುಮಾಳ್ ನಾಯನಾರ್ ಕೈಲಾಸಕ್ಕೆ ಹೋದ. ಕೇರಳದ ಬ್ರಾಹ್ಮಣ ಪರಂಪರೆಯ ಕೇರಳೋತ್ಪತ್ತಿಯಲ್ಲಿ ಅವನು ಮಕ್ಕಾಕ್ಕೆ ಹೋಗುತ್ತಾನೆ. ಅದೇ ಕೇರಳೋತ್ಪತ್ತಿ ಪರಶುರಾಮ ಸಮುದ್ರವನ್ನು ಹಿಮ್ಮೆಟ್ಟಿಸಿ ನೆಲವನ್ನು ಸೃಷ್ಟಿಸಿದ ಕಥೆಯಿಂದ ಆರಂಭವಾಗುತ್ತದೆ. ತುಳುನಾಡನ್ನು ಪರಶುರಾಮ ಸೃಷ್ಟಿ ಎನ್ನುವ ನಮ್ಮ ನೆರೆಹೊರೆಯವರ ನಂಬಿಕೆಯೂ ಈ ಬಳಗದ್ದೇ. ಹರ್ಮನ್ ಗುಂಡರ್ಟ್ ಆ ಮಲಯಾಳ ಗ್ರಂಥವನ್ನು 1843ರಲ್ಲಿ ಮುದ್ರಿಸಿದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಮಂಗಳೂರ ಸಮಾಚಾರ ಪತ್ರಿಕೆ ಹೊರಟ ವರ್ಷವೇ ಅದು. ಇತಿಹಾಸಕಾರರು ಇಂತಹ ಗ್ರಂಥವನ್ನು ಓದುವುದು ಸಮುದ್ರ ಯಾವ ವರ್ಷ ಹಿಂದೆ ಸರಿಯಿತು ಎಂದು ತಿಳಿಯಲು ಅಲ್ಲ. ಅರುವತ್ತನಾಲ್ಕು ಬ್ರಾಹ್ಮಣ ಗ್ರಾಮಗಳಲ್ಲಿ ಮೂವತ್ತೆರಡು ತುಳುನಾಡಿನವು ಎಂಬ ಪಟ್ಟಿಯಿಂದ ಜನ ಎಲ್ಲಿ ನೆಲೆಸಿದ್ದರು, ಭೂಮಿಯ ಮೇಲೆ ಯಾರು ಹೇಗೆ ಹಕ್ಕು ಹೇಳುತ್ತಿದ್ದರು ಎಂಬುದು ಅವರಿಗೆ ಸಿಗುತ್ತದೆ. ನಮ್ಮ ಪೆರುಮಾಳ್ ಕಥೆಯನ್ನೂ ಹೀಗೆಯೇ ಓದಬೇಕು. ವರ್ಷಕ್ಕೆ ಅದು ದುರ್ಬಲ ಆಧಾರ. ಆದರೆ ಮುಸ್ಲಿಮರು ಈ ಕರಾವಳಿಗೆ ಬಂದದ್ದು ಕಡಲ ದಾರಿಯಲ್ಲಿ, ಅರಸರ ಒಪ್ಪಿಗೆಯೊಂದಿಗೆ, ಯಾತ್ರಿಕರೂ ವ್ಯಾಪಾರಿಗಳೂ ಆಗಿ ಎಂಬ ನೆನಪನ್ನು ಅದು ಭದ್ರವಾಗಿ ಕಾಪಾಡಿದೆ. ಆ ನೆನಪನ್ನು ನೆರೆಯವರ ಪುಸ್ತಕವೂ ಉಳಿಸಿಕೊಂಡಿದೆ ಎಂಬುದು ಸಣ್ಣ ವಿಷಯವಲ್ಲ.

ಹಾಗಾದರೆ ಗಟ್ಟಿ ಆಧಾರ ಯಾವುದು? ಕೊಲ್ಲಂನ ತರಿಸಾಪಳ್ಳಿ ತಾಮ್ರಶಾಸನ. ಕ್ರಿ.ಶ. 849ರದು. ಒಂದು ಕ್ರೈಸ್ತ ಚರ್ಚಿಗೆ ಸ್ಥಳೀಯ ಅರಸ ಕೊಟ್ಟ ಹಕ್ಕುಪತ್ರ ಅದು. ಅದಕ್ಕೆ ಸಾಕ್ಷಿ ಹಾಕಿದವರಲ್ಲಿ ಕೂಫೀ ಅರಬಿ ಲಿಪಿಯಲ್ಲಿ ಸಹಿ ಮಾಡಿದ ಮುಸ್ಲಿಮರಿದ್ದಾರೆ, ಮೈಮೂನ್ ಬಿನ್ ಇಬ್ರಾಹೀಮ್ ಅವರಲ್ಲೊಬ್ಬರು. ಪಹ್ಲವಿಯಲ್ಲಿ, ಹೀಬ್ರೂ ಲಿಪಿಯಲ್ಲಿ ಸಹಿ ಮಾಡಿದವರೂ ಇದ್ದಾರೆ. ಚರ್ಚಿನ ದಾನಪತ್ರಕ್ಕೆ ಮುಸ್ಲಿಮರೂ ಯಹೂದಿಗಳೂ ಸಾಕ್ಷಿ ನಿಂತ ದಿನಗಳು. 849 ಎಂದರೆ ಹಿಜರಿ 235ರ ಆಸುಪಾಸು. ಝೈನುದ್ದೀನರು 'ಇನ್ನೂರು ವರ್ಷಗಳ ನಂತರ' ಎಂದು ಅಂದಾಜು ಮಾಡಿದ ಕಾಲಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ. ಇನ್ನು ಮಾಡಾಯಿಯ ಮಸೀದಿಯ ಅರಬಿ ಶಾಸನದಲ್ಲಿ ಹಿಜರಿ 518, ಅಂದರೆ 1124 ಎಂಬ ವರ್ಷವಿದೆ. ಮಂಗಳೂರಿನ ಮಟ್ಟಿಗೆ, ಟ್ಯುನೀಶಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರಲ್ಲಿ ಇಲ್ಲಿ ವಾಸವಿದ್ದ. ಅವನಿಗೆ ಏಡನ್‌ನಿಂದ ಬಂದ ಪತ್ರಗಳು ಕೈರೋದ ಹಳೆಯ ಸಿನೆಗಾಗಿನಲ್ಲಿ ಉಳಿದುಕೊಂಡವು. ಭಾಷೆ ಅರಬಿ, ಲಿಪಿ ಹೀಬ್ರೂ.

ಇಬ್ನ್ ಬತೂತಾ ಸರಂದೀಬಿಗೆ ಹೋಗುವ ಮುನ್ನ ನಮ್ಮ ತೀರದಲ್ಲೇ ಹಾದುಹೋದರು. ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡೆ, ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರು ಎಂದು ಬರೆದರು. (ಹೆಣ್ಣುಮಕ್ಕಳ ಓದಿನ ಬಗ್ಗೆ ಈಗಲೂ ವಾದ ಮಾಡುವವರು ಈ ವಾಕ್ಯವನ್ನು ಗಮನಿಸಬೇಕು.) ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು, ಬದ್ರುದ್ದೀನ್ ಎಂಬ ಶಾಫಿಈ ಕಾಝಿ. ಬಾರಕೂರಿನ ಬಗ್ಗೆ ಅವರು ಬರೆದದ್ದು ನಮಗೆ ಹೆಚ್ಚು ಕುತೂಹಲದ್ದು. ಅಲ್ಲಿ ಮುಸ್ಲಿಮರ ಮುಖಂಡ ಹುಸೈನ್, ಜುಮಾ ನಮಾಝಿಗಾಗಿ ಮಸೀದಿ ಮಾಡಿಸಿದವರು ಅವರು ಎನ್ನುತ್ತಾರೆ. ತುಹ್ಫತ್‌ನ ಪ್ರಕಾರ ಬಾರಕೂರಿನ ಮಸೀದಿ ಅದಕ್ಕಿಂತ ಎಷ್ಟೋ ಹಿಂದಿನದು. ಎರಡರಲ್ಲಿ ಯಾವುದು ಸರಿ? ಇಬ್ನ್ ಬತೂತಾ ಬಳಸಿದ ಅರಬಿ ಕ್ರಿಯಾಪದಕ್ಕೆ ಕಟ್ಟಿಸಿದರು ಎಂಬ ಅರ್ಥವೂ ಇದೆ, ಜೀರ್ಣೋದ್ಧಾರ ಮಾಡಿದರು ಎಂಬ ಅರ್ಥವೂ ಹೊರಡುತ್ತದೆ. ಹಳೆಯ ಮಸೀದಿಯನ್ನು ಹುಸೈನ್ ಹೊಸದಾಗಿ ಎಬ್ಬಿಸಿರಬಹುದು. ಅಥವಾ ಬೇರೆಯದೇ ಕಟ್ಟಿರಬಹುದು. ಅಥವಾ ಹುಸೈನರ ಮಸೀದಿಯೇ ಮುಂದೆ ಮಾಲಿಕ್ ಬಿನ್ ಹಬೀಬರ ಹೆಸರಿಗೆ ಸೇರಿರಬಹುದು. ಆ ಊರಿನಲ್ಲಿ ಸ್ವತಃ ತಂಗಿದ ಇಬ್ನ್ ಬತೂತಾ ಚೇರಮಾನ್ ಪೆರುಮಾಳನ ಕಥೆಯನ್ನು ಹೇಳುವುದೇ ಇಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಕಥೆ ಆಗ ಇರಲಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಈಗ ಹಿಜರಿ 22ಕ್ಕೆ ಬರೋಣ. ಇತಿಹಾಸದಲ್ಲಿ ಪ್ರಸಿದ್ಧರಾದ ಮಾಲಿಕ್ ಬಿನ್ ದೀನಾರ್(ರ) ಬಸ್ರಾದ ಝಾಹಿದರು, ಹಸನ್ ಬಸರೀ(ರ)ಯವರ ಶಿಷ್ಯರು, ನಿಧನರಾದದ್ದು ಹಿಜರಿ 130ರ ಆಸುಪಾಸಿನಲ್ಲಿ. ಅವರೇ ಹಿಜರಿ 22ರಲ್ಲಿ ಮಸೀದಿ ಕಟ್ಟಲು ಬಂದಿದ್ದರೆ ಆಮೇಲೆ ನೂರು ವರ್ಷಕ್ಕೂ ಹೆಚ್ಚು ಬದುಕಿರಬೇಕಾಗುತ್ತದೆ. ಅದೇ ಹೆಸರಿನ ಇನ್ನೊಬ್ಬರು ಇದ್ದಿರಬಹುದು ಎನ್ನಬಹುದು. ಎನ್ನಲಿ, ಅದನ್ನು ಊಹೆ ಎಂದು ಹೇಳಿಯೇ ಎನ್ನಲಿ.

ಇಷ್ಟು ಬರೆದಾಗ ಕೆಲವು ಹಿರಿಯರಿಗೆ ನೋವಾಗುತ್ತದೆ ಎಂಬುದು ನಮಗೆ ಗೊತ್ತು. ನೀವು ಹೊರಗಿನವರು ಎಂಬ ಮಾತನ್ನು ಕೇಳಿ ಕೇಳಿ ದಣಿದ ಸಮುದಾಯಕ್ಕೆ ಹಿಜರಿ 22 ಎಂಬುದು ಬರಿಯ ಇಸವಿಯಲ್ಲ, ಒಂದು ಆಸರೆ. ಆ ಸಂಕಟ ನಮ್ಮದೂ ಹೌದು. ಆದರೆ ನಾವು ಇಲ್ಲಿಯವರು ಎನ್ನಲು ಹಿಜರಿ 22 ಬೇಕೇ? ಕೊಲ್ಲಂನ ತಾಮ್ರದ ಮೇಲಿನ ಸಹಿಗಳಿಗೇ ಹೆಚ್ಚುಕಡಿಮೆ ಸಾವಿರದ ಇನ್ನೂರು ವರ್ಷ. ಒಂದು ಮಾತು ಇನ್ನೂ ಇದೆ. ಬೇರೆಯವರು ತಮ್ಮ ಪುರಾಣವನ್ನು ಮುಂದಿಟ್ಟು ಯಾವುದೋ ಕಟ್ಟಡದ ಕೆಳಗೆ ಇನ್ನೇನೋ ಇತ್ತು ಎಂದಾಗ ನಾವು ಶಾಸನ ತೋರಿಸಿ, ದಾಖಲೆ ತೋರಿಸಿ ಎನ್ನುತ್ತೇವೆ. ಸರಿಯಾಗಿಯೇ ಎನ್ನುತ್ತೇವೆ. ಅದೇ ಅಳತೆಗೋಲನ್ನು ನಮ್ಮ ಕಥೆಗೆ ಇಡಲು ಒಪ್ಪದಿದ್ದರೆ ಆ ಮಾತಿಗೆ ಬಲವೆಲ್ಲಿಂದ ಬರಬೇಕು? ನ್ಯಾಯದ ಪರ ಸಾಕ್ಷಿ ನಿಲ್ಲಿರಿ, ಅದು ನಿಮ್ಮ ವಿರುದ್ಧವೇ ಆದರೂ ಸರಿ ಎಂಬುದು ಅನ್ನಿಸಾ ಅಧ್ಯಾಯದ 135ನೇ ಸೂಕ್ತದ ಆದೇಶ.

ಮಕ್ಕಳಿಗೆ ಸರಂದೀಬಿನ ಕಥೆ ಹೇಳುವುದನ್ನು ಬಿಡಬೇಕಾಗಿಲ್ಲ. ಮಾಲಿಕ್ ಬಿನ್ ದೀನಾರರ ಹಡಗನ್ನೂ ಮುಳುಗಿಸಬೇಕಾಗಿಲ್ಲ. 'ಕುರ್‌ಆನಿನಲ್ಲಿ ಇಷ್ಟಿದೆ, ಹಿರಿಯರು ಹೀಗೆ ಹೇಳುತ್ತಿದ್ದರು' ಎಂದು ಎರಡು ವಾಕ್ಯ ಮಾಡಿ ಹೇಳಿದರೆ ಸಾಕು. ತಬರೀಯವರು ಹೆಸರಿನ ಸರಪಳಿ ಬರೆದದ್ದು ಇದಕ್ಕಾಗಿಯೇ.

ಜಮಾಅತ್‌ಗಳ ಆಡಳಿತ ಸಮಿತಿಗಳಿಗೆ ಒಂದು ವಿನಂತಿ. ನಮ್ಮ ಹಳೆಯ ಮಸೀದಿಗಳು ಒಂದೊಂದಾಗಿ ಒಡೆದು ಹೊಸದಾಗುತ್ತಿವೆ. ಅಮೃತಶಿಲೆ ಬರುತ್ತದೆ, ಮರದ ಕೆತ್ತನೆ ಹೋಗುತ್ತದೆ. ಕಾಂಟ್ರಾಕ್ಟರ್ ಕೆಲಸ ಶುರು ಮಾಡುವ ಮೊದಲು ಬಾಗಿಲಿನ ಪಟ್ಟಿಕೆ, ತೊಲೆ, ಮಿಂಬರ್, ಕೊಳದ ಕಟ್ಟೆ, ಖಬರಸ್ತಾನದ ಹಳೆಯ ಮೀಸಾನ್ ಕಲ್ಲುಗಳನ್ನು ಒಮ್ಮೆ ನೋಡಿರಿ. ಅಕ್ಷರ ಕಂಡರೆ ಸುಣ್ಣ ಬಳಿಯುವ ಮುನ್ನ, ಬೆಳಗಿನ ಓರೆ ಬಿಸಿಲಿನಲ್ಲಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಅಟ್ಟದಲ್ಲಿರುವ ಹಳೆಯ ಲೆಕ್ಕದ ಪುಸ್ತಕ, ಅರಬಿ ಮಲಯಾಳದ ಕೈಬರಹ, ನಿಕಾಹ್ ದಫ್ತರಗಳನ್ನು ಗುಜರಿಗೆ ಹಾಕಬೇಡಿ. ಬಾರಕೂರಿನ ಹುಸೈನರ ಹೆಸರಿರುವ ಒಂದು ಕಲ್ಲು ಯಾವುದಾದರೂ ಗೋಡೆಯೊಳಗೆ ಇನ್ನೂ ಇದ್ದರೂ ಇರಬಹುದು.